ಹತ್ತಿಯ ಸ್ನೋಮ್ಯಾನೂ ಅವರೆಕಾಯಿ ಸಿಪ್ಪೆಯೂ

ಪ್ರೀತಿಯ ಮಗಳಿಗೆ,



ನೀನು ಕಳಿಸಿದ ಫೋಟೊವನ್ನು ನಿನ್ನ ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದಳು. ನಿನ್ನ ತರಗತಿಯ ಗೋಡೆಯ ಮೇಲೆ ಹದಿನಾಲ್ಕು ಸ್ನೋಮ್ಯಾನ್. ಹದಿನಾಲ್ಕಕ್ಕೂ ಒಂದೇ ಮೂಗು, ಒಂದೇ ಮಫ್ಲರ್, ಅಳತೆಪಟ್ಟಿ ಇಟ್ಟು ಅಂಟಿಸಿದಂತೆ ಮೂರು ಮೂರು ಗುಂಡಿ. ಕೆಳಗೆ ಥರ್ಮೊಕೋಲ್ ಉದುರಿಸಿದ ಹಿಮ. ಎರಡು ವರ್ಷದ ಮಗು ಅಷ್ಟು ನೇರವಾಗಿ ಗುಂಡಿ ಅಂಟಿಸುತ್ತದೆ ಎಂದು ನಂಬುವಷ್ಟು ಅರಳುಮರಳು ದೊಡ್ಡಮ್ಮನಿಗೆ ಇನ್ನೂ ಬಂದಿಲ್ಲ. ರಾತ್ರಿ ಹನ್ನೊಂದರ ತನಕ ಕೂತು ಅಂಟಿಸಿದವಳು ನೀನೇ. ಈಗ ಜನವರಿಯ ‘ವಿಂಟರ್ ಡೇ’ಗೂ ಹೀಗೇ ಮಾಡಲೋ, ಮಕ್ಕಳ ಕೈಗೇ ಬಿಟ್ಟುಬಿಡಲೋ ಎಂದು ಕೇಳಿದ್ದೀಯ. ಎರಡನ್ನೂ ತೂಗಿ ನೋಡಿ ಹೇಳಬೇಕೆಂದೇ ದೊಡ್ಡಮ್ಮ ಪೆನ್ನು ಹಿಡಿದದ್ದು. ತಕ್ಕಡಿ ಒಂದು ಕಡೆ ವಾಲಿದರೆ ಬೇಜಾರು ಮಾಡಿಕೊಳ್ಳಬೇಡ.

ಮೊದಲು ಹಳೇ ಕತೆ. ಮುಂದಿನ ಪುಟಕ್ಕೆ ಹಾರಬೇಡ, ಇದನ್ನೂ ಓದು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಅದು ಕಾಲಿಟ್ಟದ್ದು ಟಿ. ನರಸೀಪುರ ತಾಲ್ಲೂಕಿಗೆ. ಎಂಟು ವರ್ಷದ ಮೇಲೆ ಅದೇ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಿನ್ನ ದೊಡ್ಡಮ್ಮ ಅಂಗನವಾಡಿ ಟೀಚರಮ್ಮ ಆದಳು. ಇಪ್ಪತ್ತೊಂದರ ಹುಡುಗಿ, ಎರಡು ಜಡೆ, ಕೇಂದ್ರವೆಂದರೆ ಮಾರಿಗುಡಿಯ ಜಗುಲಿ. ಮೂರರಿಂದ ಆರು ವರ್ಷದವರು ಎಂದು ರಿಜಿಸ್ಟರಿನಲ್ಲಿತ್ತು. ಆದರೆ ಅಕ್ಕನ ಸೊಂಟದ ಮೇಲೆ ಕೂತು ಬಂದ ಒಂದೂವರೆ ವರ್ಷದ್ದನ್ನು ವಾಪಸು ಕಳಿಸುವುದು ಎಲ್ಲಿಗೆ? ತಾಯಂದಿರು ಭತ್ತದ ಕುಯ್ಲಿಗೆ ಹೋಗಿರುತ್ತಿದ್ದರು.

ಆ ಡಿಸೆಂಬರಿನಲ್ಲಿ ಮೇಲಿನವರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಟೀಚರಮ್ಮ ಲಾಟೀನಿನ ಬೆಳಕಲ್ಲಿ ಎರಡು ರಾತ್ರಿ ಕೂತಳು. ಹಳೇ ದಿನಪತ್ರಿಕೆ ಉಂಡೆ ಮಾಡಿ, ಮೈದಾ ಅಂಟು ಸವರಿ, ಮೇಲೆ ಹತ್ತಿ ಮೆತ್ತಿ ಒಂದು ಮೊಲ ಮಾಡಿದಳು. ಕಣ್ಣಿಗೆ ಬಳೆಚೂರು. ಜೀಪು ಬಂತು, ಸಾಹೇಬರು ಮೊಲ ನೋಡಿದರು, ಮಕ್ಕಳ ಕೈಕೆಲಸ ಚೆನ್ನಾಗಿದೆ ಎಂದು ಪುಸ್ತಕದಲ್ಲಿ ಬರೆದರು. ಜೀಪಿನ ಧೂಳು ಅಡಗುವ ಮೊದಲೇ ಕುಂಬಾರರ ಮನೆಯ ಪುಟ್ಟ ಹುಡುಗನೊಬ್ಬ ಮೊಲದ ಕಿವಿ ಕಿತ್ತು, ಒಳಗೇನಿದೆ ಎಂದು ಬೆರಳು ತೂರಿಸಿ, ಪೇಪರನ್ನು ಒಂದೊಂದೇ ಪದರ ಎಳೆಯುತ್ತ ಕೂತಿದ್ದ. ಟೀಚರಮ್ಮ ಅವನ ಕೈಮೇಲೆ ರಪ್ಪನೆ ಬಾರಿಸಿದಳು. ನಿಜ ಹೇಳಬೇಕೆಂದರೆ ಅವತ್ತು ಆ ಕೇಂದ್ರದಲ್ಲಿ ಕೈಕೆಲಸ ಮಾಡಿದ ಮಗು ಅವನೊಬ್ಬನೇ. ಇದು ಅವಳಿಗೆ ಹೊಳೆಯುವ ಹೊತ್ತಿಗೆ ಅವನು ಆರು ತುಂಬಿಸಿಕೊಂಡು ಸ್ಕೂಲಿಗೆ ಹೋಗಿಬಿಟ್ಟಿದ್ದ.

ಹಾಗಂತ ಮಕ್ಕಳ ಕೈಗೆ ಬಿಟ್ಟರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಮುಂದಿನ ಚಳಿಗಾಲ ಜ್ಞಾನೋದಯವಾದವಳಂತೆ ಟೀಚರಮ್ಮ ಒಂದು ಮೊರ ಅವರೆಕಾಳು ತಂದು ಮಕ್ಕಳ ಮುಂದೆ ಸುರಿದಳು, ಅಂಟಿಸಿ ಚಿತ್ರ ಮಾಡಲಿ ಎಂದು. ಅಂಟಿಸಿದವು ಅಂಟಿಸಿದವು, ಒಂದು ಹುಡುಗಿ ಮಾತ್ರ ಒಂದು ಕಾಳನ್ನು ಮೂಗಿಗೆ ಏರಿಸಿಕೊಂಡಿತು. ಕಾಳು ತೇವ ಹೀರಿ ಉಬ್ಬುತ್ತದಲ್ಲ, ಸಂಜೆಯ ಹೊತ್ತಿಗೆ ಉಸಿರು ಒಂದೇ ಹೊಳ್ಳೆಯಲ್ಲಿ. ಕೊನೇ ಬಸ್ಸಿಗೆ ಮೈಸೂರು, ಡಾಕ್ಟರಿಂದ ಮಂಗಳಾರತಿ. ಆಟಿಕೆ ಪರೀಕ್ಷಿಸುವವರ ಹತ್ತಿರ ಸುಮಾರು 3.2 ಸೆಂಟಿಮೀಟರ್ ಅಗಲದ ಒಂದು ಕೊಳವೆ ಇರುತ್ತದೆ. ಅದರೊಳಗೆ ಪೂರ್ತಿ ಇಳಿಯುವ ಯಾವುದನ್ನೂ ಮೂರು ವರ್ಷದೊಳಗಿನವರಿಗೆ ಕೊಡುವ ಹಾಗಿಲ್ಲ. ದೊಡ್ಡಮ್ಮನಿಗೆ ಇದು ಗೊತ್ತಾದದ್ದು ಬಹಳ ತಡವಾಗಿ. ನಿನಗೆ ಈಗಲೇ ಹೇಳಿಯಾಯಿತು. ನಿನ್ನ ಸ್ನೋಮ್ಯಾನಿನ ಆ ಮೂರು ಗುಂಡಿ ಅದರೊಳಗೆ ಇಳಿಯುತ್ತವೋ ಇಲ್ಲವೋ, ನೀನೇ ನೋಡು.

ಇನ್ನು ಆ ಥರ್ಮೊಕೋಲ್. ಅಲಂಕಾರದ ಥರ್ಮೊಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ ಕಣಮ್ಮ! ಮಿನುಗುವ ಪುಡಿ ಚೆಲ್ಲಿದ್ದೀಯಲ್ಲ, ಆ ಪ್ಲಾಸ್ಟಿಕ್ ಪುಡಿಯ ಮಾರಾಟಕ್ಕೆ ಯುರೋಪಿನವರು 2023ರ ಅಕ್ಟೋಬರಿನಲ್ಲಿ ಕಡಿವಾಣ ಹಾಕಿದರು. ನಿಜವಾದ ಹಿಮ ಬೀಳುವ ಊರಿನವರೇ ಬೇಡವೆಂದದ್ದನ್ನು ನೀನು ಬೆಂಗಳೂರಿನಲ್ಲಿ ಮಕ್ಕಳ ಉಗುರಸಂದಿಗೆ ತುಂಬಿದ್ದೀಯ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರದ್ದು, 7.8 ಡಿಗ್ರಿ. ಅವತ್ತೂ ಅಲ್ಲಿ ಯಾರೂ ಹಿಮದ ಬೊಂಬೆ ಮಾಡಿರಲಾರರು. ಮಂಜು ಎಂದರೆ ನಿನ್ನ ಮಕ್ಕಳಿಗೆ ಬೆಳಗ್ಗೆ ಸ್ಕೂಟರ್ ಸೀಟಿನ ಮೇಲೆ ಬೆರಳಲ್ಲಿ ಗೆರೆ ಎಳೆಯುವ ಇಬ್ಬನಿ. ಅದನ್ನು ಬಿಟ್ಟು ಹತ್ತಿ ಯಾಕೆ ಹಿಂಜಬೇಕಿತ್ತು?

ಬೈದದ್ದು ಜಾಸ್ತಿಯಾಯಿತು. ಫೀಸು ಕಟ್ಟಿದ ಅಪ್ಪ ಅಮ್ಮಂದಿರಿಗೆ ಸಂಜೆಯೊಳಗೆ ವಾಟ್ಸಾಪಿನಲ್ಲಿ ಏನಾದರೂ ಚೆಂದದ್ದು ಹೋಗಬೇಕು, ಹೋಗದಿದ್ದರೆ ನಿನ್ನನ್ನು ಕೇಳುತ್ತಾರೆ. ಲಾಟೀನು ಹಚ್ಚಿ ಮೊಲ ಮಾಡಿದವಳಿಗೆ ಇದು ಅರ್ಥವಾಗದ ಸಂಗತಿಯಲ್ಲ.

ಆದರೆ ಎರಡು ವರ್ಷದ ಕೈ ಎಷ್ಟು ಮಾಡಬಲ್ಲದು ಎಂಬುದೂ ನಿನಗೆ ಗೊತ್ತು. ಕ್ರೇಯಾನನ್ನು ಅದು ಮುಷ್ಟಿಯಲ್ಲಿ ಹಿಡಿಯುತ್ತದೆ, ಬೆರಳತುದಿಯ ಹಿಡಿತ ಕುದುರುವುದು ಮೂರರ ಆಸುಪಾಸಿನಿಂದ ಮೆಲ್ಲಗೆ. ಹರಿ ಎಂದರೆ ಹರಿಯುತ್ತದೆ, ಹಿಸುಕು ಎಂದರೆ ಹಿಸುಕುತ್ತದೆ, ಸುರಿ ಎಂದರೆ ಖುಷಿಯಿಂದ ಸುರಿಯುತ್ತದೆ. ಇದೇ ಬಂಡವಾಳ. ಐದಾರು ನಿಮಿಷ ಕೂತರೆ ಹೆಚ್ಚು. ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಇಬ್ಬರೂ 1945ರಿಂದ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡಿನ ಆದಿವಾಸಿ ಹಾಡಿಗಳಲ್ಲಿ ಬಾಲವಾಡಿ ನಡೆಸಿದ್ದು ಎಲೆ, ಬೀಜ, ಕಲ್ಲು, ಚಿಪ್ಪುಗಳನ್ನು ಕಲಿಕೆಯ ಸಾಮಾನು ಮಾಡಿಕೊಂಡು.

ನಿನ್ನ ಬೀದಿಯಲ್ಲೂ ಈಗ ಸಾಮಾನಿಗೆ ಬರವಿಲ್ಲ. ಕಾಡುಬಾದಾಮಿಯ ಎಲೆ ಕೆಂಪಾಗಿ ಉದುರುವ ಕಾಲ, ಒಂದೊಂದು ಮಗುವಿನ ಮುಖ ಮುಚ್ಚುವಷ್ಟು ಅಗಲ. ಎರಡು ಕಿಂಡಿ ನೀನು ಕತ್ತರಿಸು, ಇಣುಕುವುದು ಅವರ ಕೆಲಸ. ಬೆಂಡೆಕಾಯಿ ಅಚ್ಚು ಎಲ್ಲ ಟೀಚರಿಗೂ ಗೊತ್ತು, ಅದನ್ನು ಬಿಡು. ಅವರೆಕಾಯಿ ಮಾತ್ರ ಬಿಡಬೇಡ. ಸೊಗಡಿರುವ ಕಾಯಿಯನ್ನೇ ಆರಿಸಿ ತಾ. ಮಕ್ಕಳ ಉಗುರಿಗೆ ಅದು ಬಿಚ್ಚಿಕೊಳ್ಳುವುದಿಲ್ಲ. ಬೆನ್ನಿನ ನಾರು ಎಳೆದು, ಹೊಲಿಗೆಯ ಮೇಲೆ ಒತ್ತಿ, ಒಂದು ಬಿರುಕು ಬಿಡಿಸಿ ಕೊಡು. ಆ ಬಿರುಕಿಗೆ ಪುಟ್ಟ ಹೆಬ್ಬೆರಳು ಇಳಿಯುತ್ತದೆ, ಪಟ್ಟೆಂದು ಕಾಯಿ ಎರಡು ಹೋಳು. ಒಳಗೆ ಕಾಳು ಕೂತಿದ್ದ ಕಡೆಯೆಲ್ಲ ಗುಳಿ, ಅದಕ್ಕೊಂದು ಬಿಳೀ ಪೊರೆ. ಕಾಳೆಲ್ಲ ಅಲ್ಲೇ ಎಣಿಸಿ ನಿನ್ನ ಡಬ್ಬಿಗೆ, ಮುಚ್ಚಳ ಭದ್ರ. ಸಿಪ್ಪೆ ಮಾತ್ರ ಮಕ್ಕಳಿಗೆ. ಅಗಲ ತಟ್ಟೆಯ ನೀರಲ್ಲಿ ಬಿಟ್ಟರೆ ದೋಣಿ, ಅರಿಶಿನದ ನೀರಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದರೆ ಮೀನು. ಕೈಗೆ ಹತ್ತಿದ ಸೊಗಡು ಸಂಜೆಯ ತನಕ ಹೋಗುವುದಿಲ್ಲ. ಇದೇನು ವಾಸನೆ ಎಂದು ಮನೆಯಲ್ಲಿ ಅಮ್ಮ ಕೇಳುತ್ತಾಳೆ, ಮಗು ಬಾಯಿಗೆ ಬಂದಷ್ಟು ಹೇಳುತ್ತದೆ. ಫೋಟೊ ಬೇಕೇಬೇಕು ಎಂದರೆ ಆ ಕೈಗಳದ್ದೇ ತೆಗೆದು ಕಳಿಸು.

ಹಿಟ್ಟಿನ ಬೊಂಬೆಗೆ ಎರಡು ಲೋಟ ಹಿಟ್ಟು, ಒಂದು ಲೋಟ ಉಪ್ಪು ಎಂದು ಹೇಳುತ್ತಾರೆ, ಬೊಂಬೆ ಬಹಳ ದಿನ ಬಾಳಲಿ ಎಂದು. ಅದನ್ನು ಕೇಳಬೇಡ. ಈ ವಯಸ್ಸಿನವು ಮಾಡಿದ್ದರಲ್ಲಿ ಒಂದು ಪಾಲು ಬಾಯಿಗೆ ಹಾಕಿಕೊಳ್ಳುತ್ತವೆ, ಅಷ್ಟು ಉಪ್ಪು ಒಳ್ಳೆಯದಲ್ಲ. ಗೋಧಿಹಿಟ್ಟನ್ನು ಕುದಿಯುವ ನೀರಲ್ಲಿ ಕಲಸಿ, ಆರಿದ ಮೇಲೆ ಬೀಟ್ರೂಟ್ ರಸ ನಾದಿ ಕೊಡು. ಸಂಜೆಗೆ ಎಸೆದರಾಯಿತು. ಬಾಳಲೇಬೇಕೆಂದು ಯಾರು ಹೇಳಿದರು?

ಆ ಹಿಟ್ಟು ಒತ್ತುವುದಕ್ಕೆಂದು ಶನಿವಾರ ಬರುವ ನಿಮ್ಮಪ್ಪನ ಕೈಲಿ ಸಕ್ಕರೆ ಅಚ್ಚಿನ ಮರದ ಪಡಿಗಳನ್ನು ಕಳಿಸುತ್ತಿದ್ದೇನೆ: ಒಂದು ಗಿಳಿ, ಒಂದು ಆನೆ, ಒಂದು ತುಳಸಿಕಟ್ಟೆ. ಜೋಡಿ ಬಿಡಿಸಿ ಒಂದೊಂದು ಹೋಳನ್ನು ಒಂದೊಂದು ಮಗುವಿನ ಮುಂದಿಡು, ಮುಷ್ಟಿಯಲ್ಲಿ ಒತ್ತಿಕೊಳ್ಳಲಿ. ಎಣ್ಣೆ ಸವರಬೇಡ, ಒಣ ಹಿಟ್ಟು ಉದುರಿಸಿದರೆ ಸಾಕು. ಎಣ್ಣೆ ಕುಡಿದ ಮರದಿಂದ ಆಮೇಲೆ ಸಕ್ಕರೆಗೂ ಕನರು ವಾಸನೆ ಹತ್ತುತ್ತದೆ. ಗಿಳಿಗೆ ಕೊಕ್ಕು ಮೂಡದಿದ್ದರೆ ನೀನು ತಿದ್ದಲು ಹೋಗಬೇಡ. ಕೆಲಸ ಮುಗಿದ ಮೇಲೆ ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ಸಂದಿಗೊಂದಿ ಉಜ್ಜಿ ತೊಳೆದು, ನೆರಳಲ್ಲಿ ಒಣಗಿಸಿ, ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ವಾಪಸು ಕಳಿಸು. ಇಲ್ಲೂ ಅಚ್ಚು ಹುಯ್ಯಬೇಕು.

ಇತಿ,
ನಿನ್ನ ದೊಡ್ಡಮ್ಮ