ಕಿಡ್ನಿಗೆ ಒಳಪೆಟ್ಟು: ಕೊಯ್ಯುವ ಮುನ್ನ ಕಾಯುವ ವಿದ್ಯೆ

ಬೈಕಿನಿಂದ ಬಿದ್ದ ಯುವಕನೊಬ್ಬನನ್ನು ತುರ್ತು ವಿಭಾಗಕ್ಕೆ ಕರೆತಂದಿದ್ದಾರೆ ಎಂದಿಟ್ಟುಕೊಳ್ಳಿ. ಮೈಮೇಲೆ ದೊಡ್ಡ ಗಾಯವಿಲ್ಲ. ಎಡಪಕ್ಕೆ ಕಂದಿದೆ, ಮೂತ್ರ ಕೆಂಪಗಿದೆ. ಜೊತೆಗೆ ಬಂದ ತಾಯಿ ಎರಡೇ ಮಾತು ಕೇಳುತ್ತಾರೆ: ‘ಆಪರೇಷನ್ ಮಾಡ್ಬೇಕಾ ಡಾಕ್ಟ್ರೇ? ಕಿಡ್ನಿ ಉಳಿಯುತ್ತಾ?’ ಈ ವಿಭಾಗಕ್ಕೆ ಹೊಸದಾಗಿ ಬಂದಿರುವ ನಿಮಗೆ ಇವತ್ತಿನ ಪಾಠವೂ ಈ ಎರಡು ಪ್ರಶ್ನೆಗಳೇ.

ಮೊದಲು ಕಿಡ್ನಿ ಇರುವ ಜಾಗ ನೋಡೋಣ. ಸುಮಾರು 150 ಗ್ರಾಂ ತೂಗುವ ಈ ಅಂಗ ಬೆನ್ನಿನ ಕಡೆ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿ, ಕೊಬ್ಬಿನ ಹಾಸಿನೊಳಗೆ ಕೂತಿದೆ. ಅದರ ಸುತ್ತ ಗೆರೋಟಾ ಎಂಬ ಪೊರೆಯಿದೆ. ಎರಡೂ ಕಿಡ್ನಿಗಳಿಗೆ ನಿಮಿಷಕ್ಕೆ ಸುಮಾರು ಒಂದು ಲೀಟರ್ ರಕ್ತ ಹರಿಯುವುದರಿಂದ ಬಿರುಕು ಬಿಟ್ಟರೆ ರಕ್ತ ಜೋರಾಗಿ ಸೋರುತ್ತದೆ. ಆದರೆ ಸೋರಿದ ರಕ್ತ ಪೊರೆಯೊಳಗೇ ತುಂಬಿಕೊಂಡು ಬಿರುಕನ್ನು ಒತ್ತಿ ಹಿಡಿಯುತ್ತದೆ. ಬೆರಳು ಕೊಯ್ದಾಗ ಬಟ್ಟೆಯಿಂದ ಒತ್ತಿ ಹಿಡಿಯುತ್ತೇವಲ್ಲ, ಹಾಗೆ. ಶಸ್ತ್ರಚಿಕಿತ್ಸೆಗೆಂದು ಆ ಪೊರೆ ಸೀಳಿದರೆ ಒತ್ತಡ ಹೋಗಿ ರಕ್ತ ಮತ್ತೆ ಚಿಮ್ಮುತ್ತದೆ. ಉಳಿಯಬಹುದಾಗಿದ್ದ ಕಿಡ್ನಿಯನ್ನು ತೆಗೆಯಬೇಕಾಗಿ ಬರುವುದು ಎಷ್ಟೋ ಸಲ ಆಗಲೇ. ಇದನ್ನು ಅರಿತ ಮೇಲೆ ವೈದ್ಯರು ಕತ್ತರಿ ಕೆಳಗಿಟ್ಟು ಕಾಯುವುದನ್ನು ಕಲಿತರು.

ಆದರೂ ಮೊದಲು ನೋಡಬೇಕಾದದ್ದು ಕಿಡ್ನಿಯನ್ನಲ್ಲ, ಮನುಷ್ಯನನ್ನು. ಉಸಿರು, ನಾಡಿ, ಬಿ.ಪಿ. ಗಮನಿಸಿ. ದ್ರವ, ರಕ್ತ ಕೊಟ್ಟರೂ ಬಿ.ಪಿ. ನಿಲ್ಲದಿದ್ದರೆ ಆತ ಸ್ಕ್ಯಾನ್ ಕೋಣೆಗಲ್ಲ, ಆಪರೇಷನ್ ಥಿಯೇಟರಿಗೆ ಹೋಗಬೇಕಾದವನು. ಮೂತ್ರದ ಬಣ್ಣ ನೋಡಿ ಪೆಟ್ಟಿನ ತೀವ್ರತೆ ಅಳೆಯಬೇಡಿ. ಸಣ್ಣ ತರಚಿನಲ್ಲೂ ಮೂತ್ರ ಕೆಂಪಾಗಬಹುದು. ಮುಖ್ಯ ರಕ್ತನಾಳವೇ ಕಿತ್ತುಹೋದಾಗ ತಿಳಿಯಾಗಿಯೇ ಇರಬಹುದು.

ಸ್ಥಿರವಾಗಿರುವ ವಯಸ್ಕರಲ್ಲಿ ಕಣ್ಣಿಗೆ ಕಾಣುವಷ್ಟು ರಕ್ತ ಮೂತ್ರದಲ್ಲಿದ್ದರೆ ಕಾಂಟ್ರಾಸ್ಟ್ ಸಹಿತ ಸಿ.ಟಿ. ಸ್ಕ್ಯಾನ್ ಬೇಕು. ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ರಕ್ತವಿದ್ದು, ಮೇಲಿನ ಬಿ.ಪಿ. ಒಮ್ಮೆಯಾದರೂ 90ಕ್ಕಿಂತ ಕೆಳಗಿಳಿದಿದ್ದರೂ ಬೇಕು. ಎತ್ತರದಿಂದ ಬಿದ್ದವರು, ವೇಗದ ವಾಹನ ಥಟ್ಟನೆ ನಿಂತು ಪೆಟ್ಟಾದವರು, ಪಕ್ಕೆಗೆ ಜೋರು ಏಟು ತಿಂದವರು ಇದ್ದರೆ ಮೂತ್ರ ತಿಳಿಯಾಗಿದ್ದರೂ ಸ್ಕ್ಯಾನ್ ಮರೆಯಬೇಡಿ. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ: ಸಾಕಷ್ಟು ರಕ್ತ ಹೋದರೂ ಅವರ ಬಿ.ಪಿ. ಬಹಳ ಹೊತ್ತು ಬೀಳುವುದಿಲ್ಲ. ಮೂತ್ರ ಸೋರುತ್ತಿದೆಯೇ ಎಂದು ತಿಳಿಯಲು ಸುಮಾರು 10 ನಿಮಿಷ ಬಿಟ್ಟು ಮತ್ತೊಂದು ಸುತ್ತು ಚಿತ್ರ ತೆಗೆಯುತ್ತಾರೆ.

ಚಿತ್ರ ಕೈಗೆ ಬಂದ ಮೇಲೆ ಪೆಟ್ಟನ್ನು ಐದು ದರ್ಜೆಗಳಲ್ಲಿ ಗುರುತಿಸುತ್ತೇವೆ. ಅಮೆರಿಕದ ಶಸ್ತ್ರವೈದ್ಯರ ಸಂಘವೊಂದು 1989ರಲ್ಲಿ ರೂಪಿಸಿದ ಈ ಕ್ರಮ 2018ರಲ್ಲಿ ಪರಿಷ್ಕಾರಗೊಂಡಿತು. ಒಂದನೆಯದು ತರಚು ಅಥವಾ ಕಿಡ್ನಿಗೆ ಅಂಟಿಕೊಂಡ ತೆಳು ಹೊದಿಕೆಯಡಿಯ ರಕ್ತಗಟ್ಟು. ಎರಡನೆಯದು ಆಳ 1 ಸೆಂ.ಮೀ. ಮೀರದ ಬಿರುಕು, ಮೂರನೆಯದು ಅದಕ್ಕಿಂತ ಆಳದ್ದು. ಬಿರುಕು ಮೂತ್ರ ಸೇರುವ ಜಾಗವನ್ನು ಮುಟ್ಟಿದರೆ, ಇಲ್ಲವೇ ರಕ್ತಸ್ರಾವ ಪೊರೆ ದಾಟಿದರೆ ನಾಲ್ಕು. ಕಿಡ್ನಿ ಚೂರಾದರೆ ಅಥವಾ ಮುಖ್ಯ ರಕ್ತನಾಳ ಹರಿದರೆ ಐದು.

ಮೊದಲ ಮೂರು ದರ್ಜೆಯವರಲ್ಲಿ ಬಹುತೇಕ ಎಲ್ಲರೂ ಕೊಯ್ಯದೆಯೇ ಗುಣವಾಗುತ್ತಾರೆ. ನಾಡಿ, ಬಿ.ಪಿ. ಸ್ಥಿರವಾಗಿರುವ ನಾಲ್ಕನೇ ದರ್ಜೆಯವರಲ್ಲೂ ಹೆಚ್ಚಿನವರು ಹಾಗೆಯೇ. ಐದನೆಯದರಲ್ಲೂ ಆಯ್ದ ಕೆಲವರನ್ನು ಕಾದು ನೋಡಬಹುದು. ಕನ್ನಡದಲ್ಲಿ ‘ಕಾಯುವುದು’ ಎಂದರೆ ನಿರೀಕ್ಷಿಸುವುದೂ ಹೌದು, ಕಾವಲಿರುವುದೂ ಹೌದು. ಇಲ್ಲಿ ಎರಡೂ ಬೇಕು. ಮೂತ್ರ ತಿಳಿಯಾಗುವವರೆಗೆ ಹಾಸಿಗೆಯಲ್ಲೇ ವಿಶ್ರಾಂತಿ, ಗಡಿಯಾರ ನೋಡಿ ನಾಡಿ-ಬಿ.ಪಿ., ಮತ್ತೆ ಮತ್ತೆ ಹಿಮೋಗ್ಲೋಬಿನ್. ದೊಡ್ಡ ದರ್ಜೆಯ ಪೆಟ್ಟಿಗೆ, ಇಲ್ಲವೇ ಜ್ವರ ಬಂದರೆ, ನೋವು ಹೆಚ್ಚಿದರೆ, ಹಿಮೋಗ್ಲೋಬಿನ್ ಇಳಿದರೆ ಮತ್ತೊಂದು ಸಿ.ಟಿ. ರಕ್ತ ನಿಲ್ಲದಿದ್ದರೆ ರಕ್ತನಾಳದ ಮೂಲಕ ಸಣ್ಣ ನಳಿಕೆ ಹಾಯಿಸಿ, ಸೋರುವ ಕವಲನ್ನಷ್ಟೇ ಮುಚ್ಚಬಹುದು. ಇದೇ ಎಂಬೊಲೈಸೇಷನ್. ಮೂತ್ರ ಸೋರುತ್ತಲೇ ಇದ್ದರೆ ಒಳಗೆ ಸ್ಟೆಂಟ್ ಇಡುತ್ತಾರೆ.

ಯಾರಿಗೆ ಇಂಥ ಕ್ರಮಗಳು ಬೇಕಾಗಬಹುದು ಎಂದು ಮೊದಲೇ ಊಹಿಸಲು ದರ್ಜೆಯೊಂದೇ ಸಾಲದು. ಬಂದಾಗಲೇ ಬಿ.ಪಿ. ಇಳಿದಿತ್ತೇ? ಚಿತ್ರದಲ್ಲಿ ಕಾಂಟ್ರಾಸ್ಟ್ ರಕ್ತನಾಳದಿಂದ ಹೊರಗೆ ಸೋರುವುದು ಕಾಣುತ್ತಿದೆಯೇ? ಕಿಡ್ನಿಯ ಸುತ್ತಲಿನ ರಕ್ತಗಟ್ಟು 3.5 ಸೆಂ.ಮೀ.ಗಿಂತ ದಪ್ಪವಿದೆಯೇ? ಬಿರುಕು ರಕ್ತನಾಳಗಳು ಒಳಹೋಗುವ ಒಳಬದಿಯಲ್ಲಿದೆಯೇ? ಬೇರೆ ಅಂಗಗಳಿಗೂ ಪೆಟ್ಟಾಗಿದೆಯೇ? ಇವುಗಳಲ್ಲಿ ಎರಡು ಮೂರು ಕೂಡಿದರೆ ಅಪಾಯ ಬಹಳ ಏರುತ್ತದೆ. ಅಂಥವರ ಹಾಸಿಗೆ ನಿಮ್ಮ ಕಣ್ಣಳತೆಯಲ್ಲೇ ಇರಲಿ.

ಮನೆಗೆ ಕಳುಹಿಸಿದರೂ ಕಾವಲು ಮುಗಿಯದು. ರಕ್ತನಾಳದ ಗಾಯವೊಂದು ಗುಳ್ಳೆಯಂತೆ ಊದಿಕೊಂಡು, ದಿನಗಳೋ ವಾರಗಳೋ ಕಳೆದ ಮೇಲೆ ಒಡೆದು, ಮೂತ್ರ ಮತ್ತೆ ಕೆಂಪಾಗಬಹುದು. ಬಿ.ಪಿ.ಯೂ ಏರಬಹುದು. ಕಿಡ್ನಿಗೆ ಸೆಲ್ಲೊಫೇನ್ ಸುತ್ತಿದರೆ ರಕ್ತದೊತ್ತಡ ಏರುತ್ತದೆಂದು ಸಂಶೋಧಕ ಇರ್ವಿನ್ ಪೇಜ್ 1939ರಲ್ಲಿ ಪ್ರಾಣಿಗಳಲ್ಲಿ ತೋರಿಸಿದರು. ಹೊದಿಕೆಯಡಿ ಗಟ್ಟಿಯಾದ ರಕ್ತವೂ ಹಾಗೆಯೇ ಕಿಡ್ನಿಯನ್ನು ಅಮುಕಬಲ್ಲದು.

ಇನ್ನು ಆ ತಾಯಿಯ ಬಳಿ ಹೋಗಿ ಕೂತು ಹೇಳಿ: ‘ಅಮ್ಮಾ, ಈಗಲೇ ಆಪರೇಷನ್ ಬೇಡ ಅನ್ನಿಸ್ತಿದೆ. ಇಂಥ ಕಿಡ್ನಿ ಸಾಮಾನ್ಯವಾಗಿ ಉಳಿಯುತ್ತೆ. ರಾತ್ರಿಯೆಲ್ಲ ನಾವು ನೋಡ್ತಿರ್ತೀವಿ. ಮನೆಗೆ ಹೋದ್ಮೇಲೆ ಮೂತ್ರ ಮತ್ತೆ ಕೆಂಪಾದ್ರೆ ತಡ ಮಾಡ್ದೆ ಕರ್ಕೊಂಡು ಬನ್ನಿ, ಬಿ.ಪಿ. ಆಗಾಗ ನೋಡಿಸ್ತಾ ಇರಿ.’ ಹೇಳಿದ್ದನ್ನು ಡಿಸ್ಚಾರ್ಜ್ ಚೀಟಿಯಲ್ಲೂ ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆದುಕೊಡಿ.