ಮದ್ದುಸೊಪ್ಪಿನ ಸ್ಟೆರಾಲ್ ಅಳೆಯುವ ಬಗೆ

ಕಕ್ಕಡ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಕೊಡಗಿನ ಮನೆಮನೆಯಲ್ಲೂ ಮದ್ದುಸೊಪ್ಪಿನ ಪಾಯಸ. ಅಂದು ಈ ಗಿಡದಲ್ಲಿ 18 ಬಗೆಯ ಔಷಧ ತುಂಬಿಕೊಂಡಿರುತ್ತದೆ ಎಂಬುದು ನಂಬಿಕೆ. ಸೊಪ್ಪು ಬೇಯಿಸಿದ ನೀರು ಗಾಢ ನೇರಳೆಯಾಗುತ್ತದೆ; ತಿಂದವರ ಮೂತ್ರವೂ ಕೆಂಪಾಗುತ್ತದೆ. ಸಸ್ಯಶಾಸ್ತ್ರದಲ್ಲಿ ಈ ಗಿಡ ಜಸ್ಟಿಸಿಯಾ ವೈನಾಡೆನ್ಸಿಸ್, ಆಡುಸೋಗೆಯ ಹತ್ತಿರದ ನೆಂಟ.

ಇಂಥ ಎಲೆಯಲ್ಲಿ ಔಷಧೀಯ ವಸ್ತು ಎಷ್ಟಿದೆ ಎಂದು ತಿಳಿಯುವುದು ಹೇಗೆ? ಎಲ್ಲವನ್ನೂ ಒಟ್ಟಿಗೆ ಅಳೆಯಲಾಗದು. ಒಂದು ಗುಂಪನ್ನು, ಸ್ಟೆರಾಯ್ಡ್‌ಗಳನ್ನು, ಆರಿಸಿಕೊಳ್ಳೋಣ.

ಸ್ಟೆರಾಯ್ಡ್ ಎಂದೊಡನೆ ನಿಮಗೆ ಮೈಕಟ್ಟಿನ ಚುಚ್ಚುಮದ್ದು ನೆನಪಾಗಬಹುದು. ರಸಾಯನಶಾಸ್ತ್ರದಲ್ಲಿ ಈ ಹೆಸರು ಒಂದು ಚೌಕಟ್ಟಿಗೆ ಸೇರಿದ್ದು: 17 ಇಂಗಾಲದ ಪರಮಾಣುಗಳು ಕೂಡಿ ಆದ, ಒಂದಕ್ಕೊಂದು ಅಂಟಿಕೊಂಡ ನಾಲ್ಕು ಉಂಗುರಗಳು. ನಮ್ಮ ದೇಹದ ಕೊಲೆಸ್ಟ್ರಾಲ್‌ಗೆ ಇದೇ ಚೌಕಟ್ಟು. ಹಸಿರು ಗಿಡಗಳಲ್ಲಿ ಸಾಮಾನ್ಯವಾಗಿ ಸಿಗುವ ಬೀಟಾ-ಸಿಟೊಸ್ಟೆರಾಲ್‌ಗೂ ಇದೇ. ಗಿಡದ ಇಂಥ ವಸ್ತುಗಳನ್ನು ಫೈಟೊಸ್ಟೆರಾಲ್, ಚಿಕ್ಕದಾಗಿ ಸ್ಟೆರಾಲ್, ಎನ್ನುತ್ತೇವೆ. ಕರುಳಿನಲ್ಲಿ ಇವು ಕೊಲೆಸ್ಟ್ರಾಲ್ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಔಷಧವಾಗಿ ಇವುಗಳ ಬೆಲೆ ಅಲ್ಲಿದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಿಮ್ಮ ಕಣ್ಣು ಸೆಳೆಯುವ ಆ ನೇರಳೆ ಬಣ್ಣ ಸ್ಟೆರಾಲ್ ಅಲ್ಲ. ಸ್ಟೆರಾಲ್‌ಗೆ ಬಣ್ಣವಿಲ್ಲ, ತುಪ್ಪದಂತೆ ಅದು ನೀರಿಗೆ ಬೆರೆಯುವುದೂ ಇಲ್ಲ. ಪಾಯಸಕ್ಕೆ ನೀರು ಸೋಸಿಕೊಂಡಾಗ ಸ್ಟೆರಾಲ್ ಬಹುಪಾಲು ಹಿಂಡಿದ ಸೊಪ್ಪಿನಲ್ಲೇ ಉಳಿಯುತ್ತದೆ. ಮುಂದೆ ಸ್ಟೆರಾಲನ್ನು ಬೇರ್ಪಡಿಸುವ ಹೆಜ್ಜೆಗಳು ನೀರಿಗೆ ಬೆರೆಯದ ಈ ಗುಣವನ್ನೇ ನಂಬಿಕೊಂಡಿವೆ.

ಮೊದಲ ಕೆಲಸ ಒಣಗಿಸುವುದು. ಕಕ್ಕಡದ ಮಳೆಯಲ್ಲಿ ಕಿತ್ತ ಎಲೆಯ ತೂಕ ಹೆಚ್ಚಾಗಿ ನೀರಿನದೇ. ಆ ನೀರು ದಿನದಿನಕ್ಕೆ ಬದಲಾಗುವುದರಿಂದ ಹಸಿ ಎಲೆಯ ಲೆಕ್ಕವನ್ನು ಹೋಲಿಸಲು ಬರುವುದಿಲ್ಲ. ನೆರಳಲ್ಲಿ ಹರಡಿದರೆ ಆ ತೇವಕ್ಕೆ ಬೂಷ್ಟು ಹಿಡಿದೀತು. 40 ಡಿಗ್ರಿ ಸೆಲ್ಸಿಯಸ್‌ನ ಒಲೆಪೆಟ್ಟಿಗೆ ಮೇಲು. ತೂಕ ಇಳಿಯುವುದು ನಿಂತ ಮೇಲೆ ಪುಡಿ ಮಾಡಿ.

ಆ ಪುಡಿಯನ್ನು ಹೆಕ್ಸೇನ್ ಎಂಬ, ಕೊಬ್ಬು ಕರಗಿಸುವ ದ್ರವದಲ್ಲಿ ನೆನೆಸಿದರೆ ಸ್ಟೆರಾಲ್ ದ್ರವಕ್ಕೆ ಇಳಿಯುತ್ತದೆ, ನೀರಿಗೆ ಒಲಿದ ನೇರಳೆ ಹಿಂದೆಯೇ ಉಳಿಯುತ್ತದೆ. ಆದರೆ ಎಲೆಯ ಹಸಿರು, ಅಂದರೆ ಕ್ಲೋರೊಫಿಲ್, ಜೊತೆಗೇ ಬಂದುಬಿಡುತ್ತದೆ. ಅದನ್ನು ಕಳೆಯಲು ಹೆಕ್ಸೇನನ್ನು ಆವಿಯಾಗಿಸಿ, ಉಳಿದದ್ದನ್ನು ಆಲ್ಕೋಹಾಲ್ ಬೆರೆತ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕಾಯಿಸುತ್ತಾರೆ. ಸಾಬೂನು ಮಾಡುವಾಗ ನಡೆಯುವ ಕ್ರಿಯೆಯೇ ಇದು. ಹಸಿರು ನೀರಿಗೆ ಸೇರುವ ರೂಪಕ್ಕೆ ತಿರುಗುತ್ತದೆ. ಕೊಬ್ಬಿನ ಆಮ್ಲಕ್ಕೆ ಅಂಟಿದ್ದ ಸ್ಟೆರಾಲ್ ಬಿಡುಗಡೆಯಾಗುತ್ತದೆ. ನೀರು ಬೆರೆಸಿ, ಮತ್ತೆ ಹೆಕ್ಸೇನ್ ಹಾಕಿ ಕುಲುಕಿದರೆ ಸ್ಟೆರಾಲ್ ಮೇಲಿನ ಪದರಕ್ಕೆ ಏರುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಇದು.

ಇನ್ನು ಬಣ್ಣವಿಲ್ಲದ್ದಕ್ಕೆ ಬಣ್ಣ ಬರಿಸಬೇಕು. ಆ ಪದರದ ಹೆಕ್ಸೇನನ್ನು ಆವಿಯಾಗಿಸಿ, ಉಳಿದದ್ದನ್ನು ಕ್ಲೋರೊಫಾರಂನಲ್ಲಿ ಕರಗಿಸಿ, ಅಸಿಟಿಕ್ ಅನ್‌ಹೈಡ್ರೈಡ್ ಮತ್ತು ಕೆಲವು ಹನಿ ಪ್ರಬಲ ಗಂಧಕಾಮ್ಲ ಸೇರಿಸಿದರೆ ದ್ರಾವಣ ಮೆಲ್ಲಗೆ ಹಸಿರಾಗುತ್ತದೆ. ಲೀಬರ್‌ಮನ್-ಬರ್ಕಾರ್ಡ್ ಪರೀಕ್ಷೆ ಎಂದು ಇದರ ಹೆಸರು. ಈ ಬಣ್ಣ ನಿಲ್ಲುವುದಿಲ್ಲ, ಹೊತ್ತು ಸರಿದಂತೆ ಬದಲಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಒಂದೇ ಅವಧಿ ಕತ್ತಲಲ್ಲಿಟ್ಟು, ಬೆಳಕು ಎಷ್ಟು ಹೀರಲ್ಪಟ್ಟಿತು ಎಂದು ಉಪಕರಣದಲ್ಲಿ ನೋಡಬೇಕು. ಪಕ್ಕದಲ್ಲಿ ತೂಕ ಗೊತ್ತಿರುವ ಶುದ್ಧ ಸಿಟೊಸ್ಟೆರಾಲ್‌ನ ದ್ರಾವಣಗಳಿರಲಿ. ಒಂದು ಉದಾಹರಣೆ: 10 ಗ್ರಾಂ ಪುಡಿಯಿಂದ ಬಂದದ್ದನ್ನು 50 ಮಿಲಿಲೀಟರ್ ಮಾಡಿದ್ದೀರಿ, ಅದರ ಬಣ್ಣ ಮಿಲಿಲೀಟರಿಗೆ 0.2 ಮಿಲಿಗ್ರಾಂ ಇರುವ ಶುದ್ಧ ದ್ರಾವಣಕ್ಕೆ ಸರಿಹೊಂದಿದೆ. ಹಾಗಾದರೆ ಒಟ್ಟು 10 ಮಿಲಿಗ್ರಾಂ, ಅಂದರೆ ಗ್ರಾಂ ಪುಡಿಗೆ 1 ಮಿಲಿಗ್ರಾಂ.

ಈ ಪರೀಕ್ಷೆ ಒಟ್ಟು ಸ್ಟೆರಾಲ್ ಹೇಳುತ್ತದೆಯೇ ಹೊರತು ಯಾವುದು ಎಷ್ಟೆಂದು ಬಿಡಿಸುವುದಿಲ್ಲ. ಬಿಡಿಸಲು ಕ್ರೊಮ್ಯಾಟೊಗ್ರಫಿ, ಅಂದರೆ ಮಿಶ್ರಣದ ವಸ್ತುಗಳನ್ನು ಬೇರೆಬೇರೆ ವೇಗದಲ್ಲಿ ಸಾಗಿಸಿ ಪ್ರತ್ಯೇಕಿಸುವ ವಿಧಾನ, ಬೇಕು.

ಕಕ್ಕಡ 18ರ ನಂಬಿಕೆಯನ್ನು ಕೆಣಕಿ ನೋಡುವ ಆಸೆ ನಿಮಗೂ ಬಂದಿರಬಹುದು. ಒಳ್ಳೆಯದು. ಅದೇ ಪೊದೆಗಳಿಂದ, ಅದೇ ಹೊತ್ತಿಗೆ, ತುದಿಯಿಂದ ಎಣಿಸಿ ಅದೇ ಸ್ಥಾನದ ಎಲೆಯನ್ನು ಆ ದಿನವೂ, ಅದರ ಹಿಂದೆ ಮುಂದೆ ಹಲವು ವಾರವೂ ಕೀಳಿ. ಫಲಿತಾಂಶ ಏನೇ ಬರಲಿ, ಅದು ಸ್ಟೆರಾಲ್‌ನ ಉತ್ತರ ಮಾತ್ರ. ಪಾಯಸದ ಬಟ್ಟಲಿಗೆ ಇಳಿಯುವುದು ನೀರಿನಲ್ಲಿ ಕರಗುವ ವಸ್ತುಗಳು. ಅವನ್ನು ಅಳೆಯಲು ಬೇರೆ ದ್ರವ, ಬೇರೆ ಪರೀಕ್ಷೆಗಳನ್ನು ಆರಿಸಿಕೊಳ್ಳಬೇಕು.