ಊರ ಚುನಾವಣೆ ಮತ್ತು ನ್ಯಾಯ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕು ಕೃಷ್ಣಾ, ಘಟಪ್ರಭಾ ನದಿಗಳ ಆಸುಪಾಸಿನ ಪ್ರದೇಶ. ಆಲಮಟ್ಟಿ ಜಲಾಶಯದ ಹಿನ್ನೀರು ಏರಿದಾಗ ಇಲ್ಲಿನ ಅನೇಕ ಹಳ್ಳಿಗಳು ಮುಳುಗಿದವು. ಜನರು ಹುಟ್ಟಿದ ಮನೆಗಳನ್ನು ತೊರೆದು ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಬಾಳನ್ನು ಕಟ್ಟಿಕೊಂಡರು. ಹೊಸ ಊರಿಗೆ ನೀರು, ರಸ್ತೆ, ಚರಂಡಿ, ಬೀದಿದೀಪ ಎಲ್ಲವೂ ಬೇಕು. ಇಂಥ ಕೆಲಸಗಳ ಹೊಣೆ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯದು, ಬೀಳಗಿ ಪಟ್ಟಣದಲ್ಲಿ ಪಟ್ಟಣ ಪಂಚಾಯಿತಿಯದು. ಆದುದರಿಂದ ಈ ಸಂಸ್ಥೆಗಳ ಚುನಾವಣೆ ಚಿಕ್ಕದಾದರೂ ಅದರ ಫಲಾಫಲ ಪ್ರತಿಯೊಂದು ಮನೆಯ ಬಾಗಿಲಿಗೂ ಬಂದು ನಿಲ್ಲುತ್ತದೆ.

ಸ್ಥಳೀಯ ಚುನಾವಣೆ ನ್ಯಾಯವಾಗಿರಬೇಕೆಂಬ ಚಿಂತನೆ ನಮ್ಮ ದೇಶಕ್ಕೆ ಹೊಸದಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳರ ಕಾಲದ, ಹತ್ತನೆಯ ಶತಮಾನದ ಶಾಸನಗಳಿವೆ. ಯೋಗ್ಯರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಗಡಿಗೆಯಲ್ಲಿ ಹಾಕಿ ಬಾಲಕನೊಬ್ಬನಿಂದ ಎತ್ತಿಸುತ್ತಿದ್ದರೆಂದು ಅವು ತಿಳಿಸುತ್ತವೆ. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ಬಂಧುಗಳಿಗೂ ಅಲ್ಲಿ ಅವಕಾಶವಿರಲಿಲ್ಲ.

ನಮ್ಮ ಕಾಲದಲ್ಲಿ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಸ್ಥಳೀಯ ಸಂಸ್ಥೆಗಳ ಚುನಾವಣೆಯ ಹೊಣೆ ರಾಜ್ಯ ಚುನಾವಣಾ ಆಯೋಗಕ್ಕೆ ಸೇರಿತು. ಕೇರಳದಲ್ಲಿ 1960ರ ವಿಧಾನಸಭಾ ಚುನಾವಣೆಯ ಸಂದರ್ಭದಲ್ಲಿ ಮೊದಲು ರೂಪುಗೊಂಡ ಮಾದರಿ ನೀತಿಸಂಹಿತೆಯ ತತ್ತ್ವವನ್ನು ಇಂದು ಊರ ಚುನಾವಣೆಗಳಲ್ಲಿಯೂ ಪಾಲಿಸಲಾಗುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಅಭ್ಯರ್ಥಿಗಳು ರಾಜಕೀಯ ಪಕ್ಷಗಳ ಚಿಹ್ನೆಯ ಮೇಲೆ ಸ್ಪರ್ಧಿಸುವಂತಿಲ್ಲ.

ಇಷ್ಟಾದರೂ ದೂರುಗಳು ತಪ್ಪಿಲ್ಲ. ಹಣ ಹಂಚುವುದು, ಬೆದರಿಸುವುದು, ಸುಳ್ಳುಸುದ್ದಿ ಹಬ್ಬಿಸುವುದು, ಜಾತಿಯ ಆಣೆ ಹಾಕಿಸುವುದು, ಇವೆಲ್ಲ ಅನ್ಯಾಯವೆಂದು ಎಲ್ಲರಿಗೂ ತಿಳಿಯುತ್ತದೆ. ಆದರೆ ಕೆಲವು ಅನ್ಯಾಯಗಳು ಒಳ್ಳೆಯತನದ ವೇಷದಲ್ಲಿ ಬರುತ್ತವೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದರೆಂಬ ದೂರುಗಳು ಬಂದವು. ಆಯೋಗವು ಇದರ ವಿರುದ್ಧ ಎಚ್ಚರಿಕೆ ನೀಡಿತು. ಹರಾಜಿನ ಹಣ ಗುಡಿಗೆ ಸಲ್ಲುವುದು, ಊರಲ್ಲಿ ಜಗಳ ತಪ್ಪುವುದು ಎಂದು ಇಂಥ ಹರಾಜನ್ನು ಸಮರ್ಥಿಸುವವರುಂಟು. ಮನಸಾರೆ ಒಪ್ಪಿ ಒಬ್ಬನನ್ನು ಆರಿಸುವುದು ಒಮ್ಮತ. ಹೆಚ್ಚು ಹಣ ಕೂಗಿದವನಿಗೆ ಉಳಿದವರು ತಲೆಬಾಗುವುದು ವ್ಯಾಪಾರ. ಅಲ್ಲಿ ಬಡವನಾದ ಯೋಗ್ಯನಿಗೆ ಸ್ಪರ್ಧಿಸುವ ಹಕ್ಕೂ ಉಳಿಯದು, ಮತದಾರನಿಗೆ ಆರಿಸುವ ಹಕ್ಕೂ ಉಳಿಯದು.

ದೂರು ಕೊಡುವುದು ಸುಲಭವಲ್ಲ. ಊರ ಚುನಾವಣೆಯಲ್ಲಿ ಎದುರಾಳಿಯು ಹೊಲದ ಬದುವಿನ ನೆರೆಯವನೋ ನೆಂಟನೋ ಆಗಿರುತ್ತಾನೆ. ಆದುದರಿಂದ ಹಲವರು ಕಂಡೂ ಕಾಣದಂತಿರುತ್ತಾರೆ. ಇನ್ನು ಕೆಲವರು ಸೋತ ಸಿಟ್ಟಿಗೆ ಆಧಾರವಿಲ್ಲದ ದೂರು ಹೇಳುತ್ತಾರೆ. ಇವೆರಡೂ ನ್ಯಾಯಕ್ಕೆ ಹಾನಿ. ದಿನ, ಸ್ಥಳ, ನಡೆದ ಸಂಗತಿ, ಕಂಡವರ ಸಾಕ್ಷ್ಯ ಇವುಗಳೊಡನೆ ಚುನಾವಣಾಧಿಕಾರಿಗೆ ಬರೆದು ಕೊಟ್ಟ ದೂರಿಗೆ ಬೆಲೆಯುಂಟು. ಗ್ರಾಮ ಪಂಚಾಯಿತಿಯ ಫಲಿತಾಂಶವನ್ನು ಪ್ರಶ್ನಿಸಬೇಕಾದರೆ ಅದು ಪ್ರಕಟವಾದ 30 ದಿನಗಳೊಳಗೆ ನ್ಯಾಯಾಲಯಕ್ಕೆ ಚುನಾವಣಾ ಅರ್ಜಿ ಸಲ್ಲಿಸಬೇಕು.

ಚುನಾವಣೆ ಮುಗಿದ ಮರುದಿನ ಗೆದ್ದವನೂ ಸೋತವನೂ ಅದೇ ಬೀದಿಯಲ್ಲಿ ನಡೆಯಬೇಕು, ಅದೇ ನೀರನ್ನು ಕುಡಿಯಬೇಕು. ಸ್ಪರ್ಧೆ ನ್ಯಾಯವಾಗಿದ್ದರೆ ಸೋತವನು ಸೋಲನ್ನು ಒಪ್ಪುತ್ತಾನೆ, ಗೆದ್ದವನು ಎಲ್ಲರಿಗೂ ಸದಸ್ಯನಾಗುತ್ತಾನೆ. ಅನ್ಯಾಯದ ಗೆಲುವಿನಿಂದ ಊರು ಎರಡಾಗುತ್ತದೆ. 18 ವರ್ಷ ತುಂಬಿದಾಗ ಇಂದಿನ ವಿದ್ಯಾರ್ಥಿಗಳೂ ಮತದಾರರಾಗುವರು. ಆಮಿಷಕ್ಕೆ ಒಲ್ಲೆನೆನ್ನುವ ಧೈರ್ಯವನ್ನೂ ಸತ್ಯವನ್ನು ಮಾತ್ರ ನುಡಿಯುವ ಸಂಯಮವನ್ನೂ ಅವರು ಈಗಿನಿಂದಲೇ ರೂಢಿಸಿಕೊಳ್ಳಬೇಕು.

ಅಭ್ಯಾಸ

1. ಉತ್ತರಮೇರೂರಿನಲ್ಲಿ ಯಾರಿಗೆ ಅವಕಾಶವಿರಲಿಲ್ಲ? ಏಕೆ?
2. ಒಮ್ಮತಕ್ಕೂ ಹರಾಜಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. ಬೆಲೆಯುಳ್ಳ ದೂರಿನ ಲಕ್ಷಣಗಳಾವುವು?